ಹಗ್ಗ ಹಿಡಿದ ಕೈ

“ಗುರುಗಳೇ, ನೋಡಿದವರೆಲ್ಲ ಚಿತ್ರ ಚೆಂದ ಅನ್ನುತ್ತಾರೆ. ಆದರೆ ಮಕ್ಕಳು ಅರ್ಧಕ್ಕೇ ಮುಚ್ಚಿಡುತ್ತಾರೆ. ಯಾಕೆ?” ಎಂದು ತಿಪ್ಪೇಶ ಕೇಳಿದ.

ಅವನು ಗುರುಗಳ ಬಳಿ ಚಿತ್ರ ಬರೆಯಲು ಕಲಿತವನು. ಆಕಾಶದಲ್ಲಿ ಹಾರುವ ವೀರನೊಬ್ಬನ ಕಾಮಿಕ್ಸ್ ಬರೆದು, ಮೊದಲ ಸಂಚಿಕೆಯನ್ನು ಅಚ್ಚು ಹಾಕಿಸಿ ತಂದಿದ್ದ. ಮೊದಲ ಪುಟದಲ್ಲಿ ಒಬ್ಬ ಹುಡುಗ ಮುರಿದ ಸೇತುವೆಗೆ ಜೋತುಬಿದ್ದಿದ್ದ. ಕೊನೆಯ ಪುಟದಲ್ಲಿ ವೀರ ಇನ್ನೂ ಮೋಡಗಳ ನಡುವೆ ಹಾರಿ ಬರುತ್ತಿದ್ದ. ವರ್ಷವಿಡೀ ಕೂತು ಬರೆದದ್ದು. ಈ ಕೆಲಸವೇ ತನಗಲ್ಲವೇನೋ ಎಂದು ತಿಪ್ಪೇಶನ ಮುಖ ಬಾಡಿತ್ತು.

ಗುರುಗಳು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನೋಡಿದರು. “ಕೂತುಕೋ ಮಗು,” ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಟಗಾರನಿದ್ದ. ಉದ್ದನೆಯ ಬಟ್ಟೆಯ ಮೇಲೆ ಚಿತ್ರ ಬರೆದು, ಸುರುಳಿ ಸುತ್ತಿ, ಮನೆಮನೆಗೆ ಹೋಗಿ ಒಂದೊಂದೇ ಚಿತ್ರ ಬಿಚ್ಚುತ್ತ ಕತೆ ಹೇಳುವುದು ಅವನ ಕಸುಬು. ಕೇಳುವವರು ಹೂಂಗುಟ್ಟಬೇಕು, ಆಮೇಲೆಯೇ ಅವನು ಮುಂದಿನ ಚಿತ್ರ ಬಿಚ್ಚುವುದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವನು ಹೆತ್ತ ಚಿತ್ರಗಳೋ ನಿಜಕ್ಕೂ ಚಿನ್ನದಂಥ ಕೂಸುಗಳು, ಅವುಗಳ ಮುದ್ದು ಕೇಳಬೇಕೆ?

ಒಂದು ದಿನ ನೇಯ್ಗೆಯ ಹೆಂಗಸೊಬ್ಬಳು ಅವನನ್ನು ಕರೆದಳು. ಅವಳ ಪುಟ್ಟ ಮಗಳಿಗೆ ಜ್ವರ ಬಂದು ಇಳಿದಿತ್ತು. ಜ್ವರ ಹೋದರೂ ಮಗು ತುತ್ತು ಮುಟ್ಟುತ್ತಿರಲಿಲ್ಲ. “ಕತೆ ಕೇಳುತ್ತ ನಾಲ್ಕು ಗುಟುಕು ಗಂಜಿ ಕುಡಿದರೆ ಸಾಕಪ್ಪ, ಹೋದ ಜೀವ ಬಂದ ಹಾಗಾಗುತ್ತದೆ,” ಎಂದಳು.

ಪಟಗಾರ ಮಂಚದ ಬಳಿ ಕೂತು ಸುರುಳಿ ಬಿಚ್ಚಿದ. ಮೊದಲ ಚಿತ್ರದಲ್ಲಿ ಒಬ್ಬ ಹುಡುಗಿ ಬಾವಿಗೆ ಬಿದ್ದು, ಹಗ್ಗ ಹಿಡಿದು ನೇತಾಡುತ್ತಿದ್ದಳು. ದೂರದ ಬೆಟ್ಟದ ಮೇಲಿದ್ದ ವೀರನಿಗೆ ಅವಳ ಕೂಗು ಕೇಳಿಸಿತು.

“ಹೂಂ,” ಎಂದಿತು ಮಗು. ತಾಯಿ ಗಂಜಿಯ ಬಟ್ಟಲನ್ನು ಅದರ ತುಟಿಯ ಬಳಿ ಹಿಡಿದಳು. “ಅವಳು ಮೇಲೆ ಬರಲಿ, ಆಮೇಲೆ ಕುಡಿಯುತ್ತೇನೆ,” ಎಂದಿತು ಮಗು.

ಮುಂದಿನ ಚಿತ್ರದಲ್ಲಿ ವೀರ ನಡುಕಟ್ಟು ಬಿಗಿದ. ಅದರ ಮುಂದಿನದರಲ್ಲಿ ಅವನ ಅಂಗಾಲು ನೆಲ ಬಿಟ್ಟಿತು. ಮತ್ತೊಂದರಲ್ಲಿ ಹೆಗಲ ವಸ್ತ್ರ ಗಾಳಿಗೆ ಹರಡಿಕೊಂಡಿತು. “ಈ ನೀಲಿ ನೋಡಮ್ಮ, ನಾನೇ ಅರೆದು ಮಾಡಿದ್ದು,” ಎಂದು ಪಟಗಾರ ಒಂದೊಂದನ್ನೂ ಬಣ್ಣಿಸುತ್ತ ಹೋದ. ಬಾವಿಯಲ್ಲಿ ಹುಡುಗಿ ನೇತಾಡುತ್ತಿದ್ದಾಳೆ, ಈ ಪುಣ್ಯಾತ್ಮ ಮೋಡದ ಬಣ್ಣ ತೋರಿಸುತ್ತಿದ್ದಾನೆ. ತಾಯಿ ಆರಿದ ಗಂಜಿಯನ್ನು ಬಿಸಿ ಮಾಡಿಕೊಂಡು ಬಂದಳು. ವೀರ ಇನ್ನೂ ಆಕಾಶದಲ್ಲೇ ಇದ್ದ.

ಮಗುವಿನ ಹೂಂ ಸಣ್ಣಗಾಯಿತು. ಆಮೇಲೆ ನಿಂತೇ ಹೋಯಿತು. ಚಿತ್ರದ ಸೊಬಗಿಗೆ ಮಗು ಮೂಕವಾಗಿದೆ ಎಂದುಕೊಂಡ ಪಟಗಾರ. ಅವನಿಗೆ ಹಿಗ್ಗಾಯಿತು. ಅದರ ಮುಖ ನೋಡಲು ತಲೆ ಎತ್ತಿದ.

ಮಗು ಪಟ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಹೊದ್ದ ಕೌದಿಯ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿತ್ತು. ಬೆರಳುಗಳು ಬಿಳಿಚಿಕೊಂಡಿದ್ದವು.

“ಅಣ್ಣಾ, ನಿನ್ನ ಚಿತ್ರ ತುಂಬ ಚೆನ್ನಾಗಿದೆ,” ಎಂದಿತು. “ಆದರೆ ನನಗೆ ಕೈ ಸೋಲುತ್ತಿದೆ.”

ಪಟಗಾರ ಮಗು ಹೂಂ ಎನ್ನುವುದನ್ನು ಕಾಯಲಿಲ್ಲ. ಸುರುಳಿಯನ್ನು ಕೊನೆಯವರೆಗೆ ಎಳೆದುಬಿಟ್ಟ. ಬೆಟ್ಟ, ಮೋಡ, ಅವನ ನೀಲಿ, ಎಲ್ಲ ನೆಲದ ಮೇಲೆ ರಾಶಿ ಬಿದ್ದವು. ಕೊನೆಯ ಚಿತ್ರವನ್ನು ಮಗುವಿನ ಮುಖದ ಬಳಿ ಹಿಡಿದು, “ಬಂದಳಮ್ಮ, ಹುಡುಗಿ ಮೇಲೆ ಬಂದಳು. ಇನ್ನು ಕೈ ಬಿಡು,” ಎಂದ.

ಮಗು ಕಣ್ಣು ಬಿಟ್ಟು ನೋಡಿತು. ಕೌದಿಯನ್ನು ಬಿಟ್ಟಿತು. ತಾಯಿ ಕೊಟ್ಟ ಗಂಜಿಯನ್ನು ಕುಡಿಯಿತು. ಬಾಯಿ ಒರೆಸಿಕೊಂಡು, “ಈಗ ಮೋಡ ತೋರಿಸು,” ಎಂದಿತು.

ಗುರುಗಳು ಕತೆ ನಿಲ್ಲಿಸಿದರು.

ತಿಪ್ಪೇಶ ತನ್ನ ಪುಸ್ತಕವನ್ನು ಕೈಗೆತ್ತಿಕೊಂಡ. “ಹಾಗಾದರೆ ಈ ಮೋಡಗಳನ್ನೆಲ್ಲ ತೆಗೆದುಹಾಕಲೇ, ಗುರುಗಳೇ?” ಎಂದು ಕೇಳಿದ.

ಗುರುಗಳು ಅವನ ಕೈಯಲ್ಲಿದ್ದ ಪುಸ್ತಕದ ಮೊದಲ ಪುಟ ತಿರುಗಿಸಿದರು.

“ಮೋಡ ಇರಲಿ ಮಗು, ಈ ಹುಡುಗ ಇನ್ನೂ ಸೇತುವೆಗೆ ಜೋತುಬಿದ್ದೇ ಇದ್ದಾನಲ್ಲ, ಮೊದಲು ಅವನನ್ನು ಇಳಿಸು.”

“ಹೂಂ,” ಎಂದ ತಿಪ್ಪೇಶ.