ಓಡಿಹೋದವಳ ಕೆರೆ

ಕರಿಗುಂಡನಹಳ್ಳಿಯ ಕೆರೆ ಏರಿಯ ಮೇಲೆ ಇಂದಿಗೂ ಆಳೆತ್ತರದ ಕಲ್ಲೊಂದು ನಿಂತಿದೆ. ಅದರಲ್ಲಿ 'ಭೈರ' ಎಂಬ ಎರಡೇ ಅಕ್ಷರ, ಉಳಿದದ್ದೆಲ್ಲ ಬೋಳು. ನೋಡಲು ಬಂದವರು ಮಳೆಗೆ ಸವೆದಿರಬೇಕು ಎಂದುಕೊಳ್ಳುತ್ತಾರೆ. ಸವೆದದ್ದು ಕಲ್ಲಲ್ಲ, ಗೌಡರ ಮನೆಯ ಜಂಬ ಎನ್ನುತ್ತಾರೆ ಊರಿನ ಹಳಬರು.

ಹಿಂದೆ ಒಮ್ಮೆ, ಸೀಮೆಯ ಕೆರೆಗಳಿಗೆಲ್ಲ ಹೆಸರು ಕೆತ್ತಿಸಲು ಅಮಲ್ದಾರರು ಹೊರಟಿದ್ದ ಕಾಲ. ಈ ಕೆರೆಯ ಮೂಲ ಹೆಸರೇನು ಎಂದು ಅವರು ಕೇಳಿದ್ದೇ ತಡ, ಚಿಕ್ಕಭೈರೇಗೌಡ ಶಲ್ಯ ಸರಿಪಡಿಸಿಕೊಂಡು, "ನಮ್ಮ ತಾತ ಭೈರೇಗೌಡರು ಕಟ್ಟಿಸಿದ್ದು ಬುದ್ಧಿ, ಭೈರಸಮುದ್ರ" ಎಂದುಬಿಟ್ಟ. ಕಲ್ಲುಕುಟಿಗ ಉಳಿ ಹಿಡಿದ. ತೂಬು ಕಾಯುವ ನೀರುಗಂಟಿ ಕೆಂಚಕ್ಕನಿಗೆ ಮೈಯೆಲ್ಲ ಉರಿಯಿತು. ಆ ತಾತ ಕಟ್ಟಿದ್ದು ಒಂದೇ, ಮೊದಲ ಹೆಂಡತಿ ನಾಗಿರವ್ವನ ಕಾಲಿಗೆ ಹಗ್ಗ. ಅವಳು ಅದನ್ನು ಬಿಚ್ಚಿಕೊಂಡು, ಹಾಡಹಗಲೇ, ಮುನಿಗನೆಂಬ ಕಲ್ಲೊಡೆಯುವವನ ಹಿಂದೆ ಹೋದಳು. ಹಿಂದೆಯಲ್ಲ, ಮುಂದೆಯೇ ನಡೆದಳು ಎನ್ನುವವರೂ ಇದ್ದಾರೆ. ಹನ್ನೆರಡು ವರ್ಷ ಬಿಟ್ಟು ಇಬ್ಬರೂ ತಿರುಗಿ ಬಂದು, ಬಾವಿ ಬತ್ತಿ ಬಾಯಿಬಿಡುತ್ತಿದ್ದ ಊರಿಗೆ ಕೈಯಾರೆ ಕೆರೆ ಕಟ್ಟಿದರು. ಹೆಸರೇನಿಡೋಣ ಎಂದಾಗ ಅವಳು, "ಇಷ್ಟು ವರ್ಷ ನನ್ನನ್ನ ಏನಂತ ಆಡ್ಕೊಂಡ್ರೋ ಅದೇ ಇಡಿ. ನೀರು ಬೇಕಾದ್ರೆ ಬಾಯಿತುಂಬ ಕೂಗಿ" ಎಂದಳಂತೆ. ಅಂದಿನಿಂದ ಆ ಹೆಸರು ಕೂಗಿ, ಗದ್ದೆಯವರು ಓಗೊಟ್ಟ ಮೇಲೆಯೇ ತೂಬು ಎತ್ತುವುದು ಪದ್ಧತಿ.

"ಬುದ್ಧಿ, ಹೆಸರನ್ನ ಗೌಡರ ಜಗಲೀಲಿ ಕೇಳಬೇಡಿ, ತೂಬಿನ ಮೇಲೆ ಕೇಳಿ. ಅವರೇ ಕೂಗಲಿ" ಎಂದಳು ಕೆಂಚಕ್ಕ.

"ನಿನ್ನ ನೀರುಗಂಟಿಕೆ ಇವತ್ತಿಗೆ ಮುಗೀತು ಕಣೇ!" ಗೌಡ ಹಲ್ಲು ಕಡಿದ.

"ಮುಗೀಲಿ. ಮೊದಲು ಕೂಗಿ."

ಗೌಡ ತೂಬಿನ ಮೇಲೆ ನಿಂತು ತಾತನ ಹೆಸರನ್ನು ಮೂರು ಸಲ ಕೂಗಿದ. ಕೆಳಗೆ ಗದ್ದೆಯಲ್ಲಿ ನೂರು ಜನ ಗುದ್ದಲಿ ಹಿಡಿದು ನಿಂತಿದ್ದರು. ಗೌಡನ ಹೆಂಡತಿಯೂ ಅಲ್ಲೇ ಇದ್ದಳು. ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಕೆಂಚಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಓಡಿಹೋದವಳೇ!" ಎಂದು ಕೂಗಿದಳು. ಇಡೀ ಬಯಲು "ಓ!" ಎಂದಿತು. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿದ್ದು ಗೌಡನ ಹೆಂಡತಿಯ ದನಿ ಎನ್ನುತ್ತಾರೆ. ಅಮಲ್ದಾರರು ಕೈಯೆತ್ತಿದರು; ಉಳಿ ಎರಡನೆಯ ಅಕ್ಷರಕ್ಕೆ ನಿಂತಿತು. ಇದನ್ನಳಿಸಿ ನಿಜವಾದ ಹೆಸರು ಕೆತ್ತಲೇ ಎಂದು ಕುಟಿಗ ಕೇಳಿದ. "ಅವಳಿಗೆ ನಮ್ಮ ಗಂಟಲಿದೆ, ಕಲ್ಲು ಯಾಕೆ? ಆ ಎರಡಕ್ಷರ ಇರಲಿ ಬಿಡು, ನಾಲ್ಕು ಜನ ನೋಡಲಿ" ಎಂದಳು ಕೆಂಚಕ್ಕ.

ಇಂದಿಗೂ ನೋಡುತ್ತಾರೆ. ನೀರು ಬಿಡುವ ದಿನ ಬಂದವರಿಗೆ ಆ ಕೂಗೂ ಕೇಳುತ್ತದೆ. ಮೊದಲು ಓಗೊಡುವವರು ಗೌಡರ ಮನೆಯ ಸೊಸೆಯರು.