ದೇವರ ಮಕ್ಕಳ ಪಾಲಿನ ನೀರು

ಕೆರೆಯ ನೀರನ್ನು ಊರಿನ ಗದ್ದೆಗಳಿಗೆಲ್ಲ ಸರದಿಯಂತೆ ಬಿಡುವವನು ನೀರುಗಂಟಿ. ಒಂದು ಬೆಳಗ್ಗೆ ಮೇಲ್ಕೇರಿಯ ಪಟೇಲ ಮರಿಯಪ್ಪನವರು ಏರಿಯ ಮೇಲೆ ಬಂದು ನಿಂತು ಅವನಿಗೆ ಅಪ್ಪಣೆ ಮಾಡಿದರು.

"ನಮ್ಮ ಮೇಲ್ಕೇರಿಯವರು ದೇವರೇ ಆರಿಸಿಕೊಂಡ ಮಕ್ಕಳು ಕಣೋ. ಇವತ್ತಿನಿಂದ ನೀರು ಮೊದಲು ನಮಗೆ. ಮಿಕ್ಕಿದ್ದು ಬೇರೆ ಕೇರಿಗಳಿಗೆ."

"ಆಗಲಿ ಯಜಮಾನ್ರೇ" ಅಂದ ನೀರುಗಂಟಿ. ಪಟೇಲರು ಅತ್ತ ಹೋಗಿದ್ದೇ ತಡ, ಮೇಲ್ಕೇರಿಯ ಕಾಲುವೆಗೆ ಮಣ್ಣು ಹಾಕಿ ಮುಚ್ಚಿಬಿಟ್ಟ.

ಪಟೇಲರು ಓಡಿಬಂದರು. "ತಲೆ ಕೆಟ್ಟಿದೆಯೇನೋ ನಿನಗೆ?"

"ದೇವರ ಮಕ್ಕಳಿಗೆ ಎಮ್ಮೆ ತೊಳೆದ ನೀರು ಕೊಡೋಕಾಗ್ತದಾ ಯಜಮಾನ್ರೇ? ನಿಮಗೆ ನಿಮ್ಮಪ್ಪ ಮೇಲಿಂದಲೇ ಸುರೀತಾನೆ. ಈ ಕೆರೆ ಏನಿದ್ರೂ ನಮ್ಮಂಥ ದಿಕ್ಕಿಲ್ಲದವರಿಗೆ."

"ನಿನ್ನನ್ನ ಕೆಲಸದಿಂದ ತೆಗೀತೀನಿ."

ನೀರುಗಂಟಿ ಗುದ್ದಲಿಯನ್ನು ಅವರ ಕಾಲ ಬಳಿ ಇಟ್ಟ. "ತೆಗೀರಿ. ದೇವರು ಮೇಲ್ಕೇರಿಯವರ ಕೈ ಬಿಟ್ಟ ಅಂತ ಊರ ಮುಂದೆ ಹೇಳಿ, ಆ ಮಣ್ಣನ್ನ ನೀವೇ ಎಳೀರಿ."

ಪಟೇಲರು ಗುದ್ದಲಿ ಮುಟ್ಟಲಿಲ್ಲ. ಆಕಾಶ ನೋಡಿದರು. ಅಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ.

ದಿನ ಕಳೆದಂತೆ ಮೇಲ್ಕೇರಿಯ ಪೈರು ಹಳದಿಗೆ ತಿರುಗಿತು. ಕೇರಿಯ ಜನ ಆಕಾಶ ನೋಡುವುದನ್ನು ಬಿಟ್ಟು ಪಟೇಲರ ಮುಖ ನೋಡತೊಡಗಿದರು.

ಕೊನೆಗೆ ಪಟೇಲರು ಒಬ್ಬರೇ ಏರಿಗೆ ಬಂದರು. ದನಿ ತಗ್ಗಿತ್ತು. "ಕಾಲುವೆ ಬಿಡಪ್ಪ."

"ಯಾರಿಗೆ ಅಂತ ಬಿಡಲಿ ಯಜಮಾನ್ರೇ?"

ಪಟೇಲರು ಸುತ್ತ ಯಾರಿದ್ದಾರೆಂದು ನೋಡಿ ಗಂಟಲು ಸರಿಮಾಡಿಕೊಂಡರು. "ನಾವೂ ಎಲ್ಲರ ಹಾಗೇ ಕಣಪ್ಪ."

ನೀರುಗಂಟಿ ಗುದ್ದಲಿಯನ್ನು ಹೆಗಲಿಗೇರಿಸಿದ.

"ಹಂಗಾದ್ರೆ ನಿಮ್ಮ ಸರದಿ ನಾಳಿದ್ದು."