ಕತ್ತೆಯ ಕಿವಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಯೇಸುವಿನ ಭಕ್ತರು ಕೆಲವರು ಅಲ್ಲಿ ಕಾವಿ ಉಟ್ಟು, ಗಂಜಿ ಉಂಡು, ಪ್ರಾರ್ಥನೆ ಮಾಡಿಕೊಂಡು ಇದ್ದರು. ಅವರ ಗುರು ಸಮಾಧಾನಪ್ಪನವರು. ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು.

ಅಲ್ಲಿ ಒಂದು ಪದ್ಧತಿಯಿತ್ತು. ಕ್ರಿಸ್ಮಸ್ಸಿಗೆ ಮುಂಚಿನ ದಿನಗಳಲ್ಲಿ, ಸಂಜೆಯ ಪ್ರಾರ್ಥನೆಗೆ ಮೊದಲು, ಶಿಷ್ಯರೆಲ್ಲ ಸೇರಿ ಮಾಯಾಲೋಕದ ಕಥೆಯೊಂದನ್ನು ಕಟ್ಟುತ್ತಿದ್ದರು. ಒಬ್ಬರು ಬಿಟ್ಟಲ್ಲಿಂದ ಮರುದಿನ ಇನ್ನೊಬ್ಬರು ಹಿಡಿಯಬೇಕು. ಮಾತನಾಡುವ ಪ್ರಾಣಿ, ಮಂತ್ರದ ಕೋಟೆ, ಯಾವುದು ಬೇಕಾದರೂ ಬರಬಹುದು. ನಿಯಮ ಒಂದೇ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಳಿಸುವ ಹಾಗಿಲ್ಲ.

ಹಬ್ಬದ ಹಿಂದಿನ ಸಂಜೆ ಕಥೆ ಮುಗಿಯಬೇಕು. ಯಾರು ಮುಗಿಸಬೇಕೆಂದು ಅಯ್ಯನವರು ಹೇಳುತ್ತಿದ್ದರು. ಮುಗಿಸಿದವರು ಎದ್ದು ಹೋಗಿ ಕ್ರಿಸ್ಮಸ್ಸಿನ ಗಂಟೆ ಹೊಡೆಯುತ್ತಿದ್ದರು.

ತಬಿತಾ ಆ ಗಂಟೆಯ ಹಗ್ಗವನ್ನು ಒಮ್ಮೆಯೂ ಹಿಡಿದಿರಲಿಲ್ಲ.

ಅವಳು ಓದಿದವಳು. ಆಶ್ರಮದಲ್ಲಿ ಎಲ್ಲರಿಗಿಂತ ಹಳಬಳು. ಅವಳ ಮಾತಿನಲ್ಲಿ ಒಂದು ಪದ ಹೆಚ್ಚಿರುತ್ತಿರಲಿಲ್ಲ, ಒಂದು ಕಡಿಮೆಯಿರುತ್ತಿರಲಿಲ್ಲ. ಈ ಸಲ ಗಂಟೆ ತನ್ನದೇ ಎಂದು ಅವಳು ಎಣಿಸಿದ್ದಳು.

ಅಷ್ಟರಲ್ಲಿ ನವೋಮಿ ಬಂದಳು.

ನವೋಮಿ ಚಿಕ್ಕವಳು. ನಗುವುದು ಜಾಸ್ತಿ, ನೆನಪು ಕಮ್ಮಿ. ಅವಳ ಕಥೆಯಲ್ಲಿ ಬಿಳಿಯ ಕುದುರೆ ಹತ್ತಿ ಹೊರಟವನು ಕಪ್ಪು ಕುದುರೆಯಿಂದ ಇಳಿಯುತ್ತಿದ್ದ. ಆದರೂ ಅವಳು ಬಾಯಿ ತೆರೆದರೆ ಅಡುಗೆಯ ಶಾಂತಜ್ಜಿ ಒಲೆ ಬಿಟ್ಟು ಬಂದು ಕೂರುತ್ತಿದ್ದಳು.

ತಬಿತಾಳ ಸರದಿಯಲ್ಲಿ ಶಾಂತಜ್ಜಿ ಸೊಪ್ಪು ಬಿಡಿಸುತ್ತಿದ್ದಳು.

ಆ ವರ್ಷದ ಕಥೆಯನ್ನು ಶುರು ಮಾಡಿದವಳು ತಬಿತಾ. ಬೆಟ್ಟದಾಚೆ ಎಲ್ಲೋ ಒಂದು ಗಂಟೆ ಮೊಳಗುತ್ತಿದೆಯೆಂದು ಒಂದು ನಾಡಿನ ಜನ ನಂಬಿದ್ದರು. ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಆದರೂ ಅದಕ್ಕಾಗಿ ಎಲ್ಲರ ಜೀವ ಹಂಬಲಿಸುತ್ತಿತ್ತು. ಕತ್ತಲರಸನೆಂಬುವನು ಆ ದಾರಿಯನ್ನು ಮುಚ್ಚಿಬಿಟ್ಟಿದ್ದ. ಚುಕ್ಕಿ ಎಂಬ ಹುಡುಗಿ ಗಂಟೆಯನ್ನು ಹುಡುಕಿಕೊಂಡು ಹೊರಟಳು.

ಮರುದಿನ ನವೋಮಿ ಚುಕ್ಕಿಯ ಜೊತೆಗೆ ಒಂದು ಕತ್ತೆಯನ್ನು ಕಳಿಸಿದಳು. ಇಡೀ ನಾಡಿನಲ್ಲಿ ಗಂಟೆ ಕೇಳಿಸುತ್ತಿದ್ದದ್ದು ಆ ಕತ್ತೆಗೆ ಮಾತ್ರ. ಅದಕ್ಕೆ ಅದೇ ಒಂದು ಗೋಳು.

"ಮತ್ತೆ ಶುರುವಾಯಿತು ನೋಡು! ಮಲಗೋಕೂ ಬಿಡಲ್ಲ. ನಡಿ ತಾಯಿ, ನಡಿ. ಹೋಗಿ ಅದನ್ನ ನೋಡಿಯೇ ಬಿಡೋಣ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮರುದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೂ ಕತ್ತೆಯ ಮಾತೇ. ಊಟಕ್ಕೆ ಗಂಜಿ ಬಂದಾಗ ಅಯ್ಯನವರು ತಟ್ಟೆ ನೋಡಿ, "ಮತ್ತೆ ಶುರುವಾಯಿತು ನೋಡು" ಎಂದರು.

ತಬಿತಾಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವಳ ಒಂದು ಮಾತನ್ನೂ ಅಯ್ಯನವರು ಹೀಗೆ ಎತ್ತಿ ಆಡಿರಲಿಲ್ಲ.

ಅವಳ ಸರದಿ ಮತ್ತೆ ಬಂತು. ಅವಳು ಬೆನ್ನು ನೇರ ಮಾಡಿ ಕೂತು ಹೇಳಿದಳು.

"ಕತ್ತಲರಸ ಬಂಡೆಯ ಹಿಂದೆ ಕಾದಿದ್ದ. ಅವನ ಕತ್ತಿ ಸದ್ದಿಲ್ಲದೆ ಇಳಿಯಿತು. ಕತ್ತೆ ಮಾತಿನ ನಡುವೆಯೇ ಮುಗ್ಗರಿಸಿತು. ಅವನು ಬಗ್ಗಿ ಅದರ ಎರಡೂ ಕಿವಿಗಳನ್ನು ಕೊಯ್ದು, ಸೊಂಟಕ್ಕೆ ಸಿಕ್ಕಿಸಿಕೊಂಡು, ತಿರುಗಿ ನೋಡದೆ ಕೋಟೆಗೆ ಹೋದ."

ಶಾಂತಜ್ಜಿಯ ಕೈಯಿಂದ ಸೊಪ್ಪು ಜಾರಿತು.

"ಅಯ್ಯೋ ಪಾಪಿ! ಆ ಮೂಕಪ್ರಾಣಿ ನಿನಗೇನು ಮಾಡಿತ್ತೇ?"

"ಮೂಕವಾಗಿರಲಿಲ್ಲವಲ್ಲ ಅಜ್ಜಿ," ಎಂದಳು ತಬಿತಾ. "ಅದೇ ಅದರ ತಪ್ಪು."

ಅವಳಿಗೆ ಒಳಗೊಳಗೇ ತಂಪೆನಿಸಿತು. ಇನ್ನು ಅದೇನು ನಗಿಸುತ್ತಾಳೋ ನಗಿಸಲಿ, ಎಂದುಕೊಂಡಳು.

ಮರುದಿನ ನವೋಮಿಯ ಸರದಿ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು.

"ಚುಕ್ಕಿ ಕತ್ತೆಯ ಪಕ್ಕದಲ್ಲಿ ಕೂತಳು. ಕೂತೇ ಇದ್ದಳು."

ಅಷ್ಟೇ. ಎದ್ದು ಹೋದಳು.

ಎಲ್ಲರೂ ಅತ್ತರು. ಶಾಂತಜ್ಜಿಯಂತೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇಷ್ಟು ಸಣ್ಣ ಮಾತು, ಅದಕ್ಕೂ ಅಳುತ್ತಾರೆ! ತಬಿತಾಳಿಗೆ ಎದೆಯೊಳಗೆ ಕೆಂಡ ಇಟ್ಟಂತಾಯಿತು. ಕೊಂದವಳು ತಾನು. ಗೆದ್ದವಳು ಅವಳು.

ಬೆಳಿಗ್ಗೆ ಅವಳು ಹೊಳೆಯ ದಂಡೆಗೆ ಹೋದಳು. ಅಯ್ಯನವರು ಒಂದು ಮರದ ಪಕ್ಕದಲ್ಲಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು.

"ಅಯ್ಯನವರೇ, ಕತ್ತೆಯನ್ನು ಕೊಂದದ್ದು ತಪ್ಪೇ?"

"ಕಥೆಯಲ್ಲಿ ಸಾವು ಬರುತ್ತದೆ."

"ಮತ್ತೆ ಎಲ್ಲರೂ ನನ್ನನ್ನೇ ನೋಡುತ್ತಾರಲ್ಲ! ಕೆಡುಕಿಗೆ ಬಲವಿಲ್ಲದಿದ್ದರೆ ಒಳಿತು ಗೆದ್ದು ಏನು ಬಂತು? ಎರಡೂ ಸರಿಸಮವಾಗಿ ನಿಂತು ಸೆಣಸಬೇಕು."

"ಕುಸ್ತಿಯ ಕಣದಲ್ಲಿ ಇಬ್ಬರು ಜಟ್ಟಿಗಳ ಹಾಗೆ?"

"ಹೌದು."

"ಸರಿ. ನಿನ್ನ ಕತ್ತಲರಸನ ಕೋಟೆ ಕಟ್ಟಿದವರು ಯಾರು?"

"ಅವನು ಸೆರೆಹಿಡಿದ ಕಲ್ಲುಕುಟಿಗರು."

"ಅವನ ಕುದುರೆ?"

"ಕದ್ದದ್ದು."

"ಕತ್ತಿ?"

ತಬಿತಾ ತಡೆದಳು. "ಒಬ್ಬ ಒಳ್ಳೆಯ ಕಮ್ಮಾರ ಮಾಡಿದ್ದು. ಮೊದಲ ದಿನ ನಾನೇ ಹೇಳಿದ್ದೆ."

"ಹಾಗಾದರೆ ನಿನ್ನ ಜಟ್ಟಿಗೆ ಅವನದೇ ಅನ್ನುವುದು ಏನಿದೆ? ಲಂಗೋಟಿಯಾದರೂ ಇದೆಯೋ?"

ತಬಿತಾಳಿಗೆ ನಗು ಬರಲಿಲ್ಲ.

"ದೇವರ ಎದುರು ನಿಲ್ಲಲು ಇನ್ನೊಬ್ಬ ದೇವರಿಲ್ಲ, ಮಗಳೇ. ಒಳ್ಳೆಯದನ್ನು ಎತ್ತಿಕೊಂಡು ಹೋಗಿ ಕೆಡಿಸುವವನು ಇದ್ದಾನೆ. ಅಷ್ಟೇ." ಅಯ್ಯನವರು ಅವಳ ಕಡೆ ತಿರುಗಿದರು. "ಒಂದು ನನಗೆ ತಿಳಿಯಲಿಲ್ಲ. ಕೊಲ್ಲಲು ಬಂದವನು ಕೊಂದು ಹೋಗಬೇಕಿತ್ತು. ಕಿವಿ ಯಾಕೆ ಕೊಯ್ದ?"

"ಹಾಗೇ ಬಾಯಿಗೆ ಬಂತು. ಹೇಳಿದೆ."

"ಹಾಗೇ ಬರುವುದಿಲ್ಲ ನಿನಗೆ. ನೀನು ನವೋಮಿಯಲ್ಲ."

ಆ ಹೆಸರು ಅವಳಿಗೆ ಚುಚ್ಚಿತು. ಅಯ್ಯನವರು ನೆಲದ ಮೇಲಿದ್ದ ಎರಡು ಅಗಲವಾದ ಎಲೆಗಳನ್ನು ಎತ್ತಿಕೊಂಡರು. ಒಂದನ್ನು ಈ ಕಿವಿಗೆ, ಇನ್ನೊಂದನ್ನು ಆ ಕಿವಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ಹಾಗೆಯೇ ಕೂತರು.

ತಬಿತಾ ಕಾದಳು. ಹೊಳೆಯ ಆಚೆ ಯಾರೋ ದನಕ್ಕೆ ಕೂಗು ಹಾಕುತ್ತಿದ್ದರು.

"ಏನು ಮಾಡುತ್ತಿದ್ದೀರಿ ಅಯ್ಯನವರೇ?"

"ನಿನ್ನ ಅರಸ ಕೋಟೆಯಲ್ಲಿ ಒಬ್ಬನೇ ಕೂತು ಏನು ಮಾಡುತ್ತಿರಬಹುದು ಅಂತ ನೋಡುತ್ತಿದ್ದೇನೆ."

"ಏನಾದರೂ ಕೇಳಿಸಿತೇ?"

"ಎಲೆ."

ಅವಳ ಮುಖದ ಬಿಗಿ ಸಡಿಲಿತು. ಮೆಲ್ಲಗೆ ಅಂದಳು, "ಅವನಿಗೂ ಗಂಟೆ ಕೇಳುವ ಆಸೆಯಿತ್ತು."

ಅಯ್ಯನವರು ಎಲೆಗಳನ್ನು ಕೆಳಗಿಟ್ಟರು.

"ಹಾಗಾದರೆ ಅವನು ಸೈತಾನನಲ್ಲವೇ?" ಎಂದಳು ತಬಿತಾ.

"ಸೈತಾನನಿಗೆ ಆ ಗಂಟೆ ನಿಲ್ಲಬೇಕು. ಇವನಿಗೆ ಅದು ಇನ್ನೂ ಬೇಕಾಗಿದೆ." ಅವರು ಕೋಲೂರಿ ಎದ್ದರು. "ಹಬ್ಬದ ಸಂಜೆ ಕಥೆ ನೀನು ಮುಗಿಸು."

ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿತ್ತು. ಆದರೆ ಅಂದುಕೊಂಡ ಸಂತೋಷ ಮಾತ್ರ ಬರಲಿಲ್ಲ.

ತಬಿತಾ ಕೊನೆಯನ್ನು ಕಟ್ಟತೊಡಗಿದಳು. ಚುಕ್ಕಿಯ ಕೈಗೆ ಬೆಳಕಿನ ಕತ್ತಿ ಕೊಟ್ಟಳು. ಕತ್ತಲರಸನ ತಲೆ ಉರುಳಿಸಿದಳು. ಮುಂದೆ? ಚುಕ್ಕಿ ಗಂಟೆಯ ಹತ್ತಿರ ಹೋಗಬೇಕು. ಯಾವ ದಾರಿಯಲ್ಲಿ? ಅದನ್ನು ಬಲ್ಲದ್ದು ಕತ್ತೆಯೊಂದೇ. ಹೇಳಿದ್ದನ್ನು ಅಳಿಸುವ ಹಾಗಿಲ್ಲ.

ತಾನು ಕಡಿದದ್ದು ತನ್ನ ದಾರಿಯನ್ನೇ ಎಂದು ಅವಳಿಗೆ ಆಗ ಗೊತ್ತಾಯಿತು.

ಅವಳು ಎರಡು ಸಲ ಹೊರಟು ಎರಡು ಸಲ ಹಿಂದಕ್ಕೆ ಬಂದಳು. ಕೊನೆಗೆ ನವೋಮಿಯ ಎದುರು ಹೋಗಿ ನಿಂತಳು. ನವೋಮಿ ಹಬ್ಬಕ್ಕೆ ಕಾಗದದ ನಕ್ಷತ್ರ ಮಾಡುತ್ತಿದ್ದಳು. ಮೊಣಕೈಯವರೆಗೂ ಅಂಟು.

"ನವೋಮಿ, ನಿನ್ನ ಕತ್ತೆ ಎಲ್ಲಿಗೆ ಹೋಗುತ್ತಿತ್ತು?"

"ನನಗೇನು ಗೊತ್ತು ತಬಿತಕ್ಕ? ಅದಕ್ಕೆ ಗೊತ್ತಿತ್ತು. ನಾನು ಅದರ ಹಿಂದೆ ಹಿಂದೆ ಹೋಗುತ್ತಿದ್ದೆ."

ತಬಿತಾ ಹೋಗಲಿಲ್ಲ. "ನನ್ನ ಮೇಲೆ ಸಿಟ್ಟಿಲ್ಲವೇ?"

"ಇಲ್ಲದೆ ಏನು? ಅವತ್ತು ಊಟ ಸೇರಲಿಲ್ಲ." ನವೋಮಿ ಕಾಗದ ಒತ್ತಿ ಹಿಡಿದಳು. "ಕತ್ತೆ ಸತ್ತದ್ದಕ್ಕೆ ಮಾತ್ರ ಅಲ್ಲ. ಮಾತಿನ ನಡುವೆಯೇ ಮುಗ್ಗರಿಸಿತು ಅಂದೆಯಲ್ಲ. ಇಂಥದ್ದೊಂದು ಮಾತು ನನ್ನ ಬಾಯಲ್ಲಿ ಬರಬಾರದೇ ಅಂತ ಹೊಟ್ಟೆ ಉರಿದುಹೋಯಿತು. ಮರುದಿನ ನನಗೆ ಮಾತೇ ಹೊರಡಲಿಲ್ಲ. ನೋಡಿದೆಯಲ್ಲ."

ತಬಿತಾ ನೋಡಿದ್ದಳು. ಆ ಎರಡು ಮಾತಿಗೇ ತಾನು ಸುಟ್ಟುಹೋಗಿದ್ದಳು.

"ಹಿಡಿ ಈ ತುದಿ," ಎಂದಳು ನವೋಮಿ. "ಸುಮ್ಮನೆ ನಿಂತಿದ್ದೀಯಲ್ಲ."

ತಬಿತಾ ತುದಿ ಹಿಡಿದುಕೊಂಡಳು.

ಹಬ್ಬದ ಹಿಂದಿನ ಸಂಜೆ ಎಲ್ಲರೂ ಸೇರಿದರು. ಬಾಗಿಲಿಗೆ ನಕ್ಷತ್ರ ಕಟ್ಟಿಯಾಗಿತ್ತು. ಶಾಂತಜ್ಜಿ ಈ ಸಲ ಸೊಪ್ಪು ತಂದಿರಲಿಲ್ಲ.

ತಬಿತಾ ಶುರು ಮಾಡಿದಳು.

"ಚುಕ್ಕಿ ಕತ್ತಿ ಹಿಡಿದು ಕೋಟೆಯೊಳಗೆ ಹೋದಳು. ಕಾವಲಿನವರು ಯಾರೂ ಇರಲಿಲ್ಲ. ಕೊನೆಯ ಕೋಣೆಯಲ್ಲಿ ಕತ್ತಲರಸ ಒಬ್ಬನೇ ಕೂತಿದ್ದ. ಕತ್ತೆಯ ಎರಡು ಕಿವಿಗಳನ್ನು ತನ್ನ ಎರಡು ಕಿವಿಗಳಿಗೆ ಹಿಡಿದುಕೊಂಡಿದ್ದ."

ಯಾರೋ ಕಿಸಕ್ಕೆಂದರು. ಆಮೇಲೆ ಆ ನಗುವೂ ನಿಂತಿತು.

"ಅವನು ಕೇಳಿದ: ಹುಡುಗೀ, ನಿನಗೆ ಕೇಳಿಸುತ್ತದೆಯೇ? ಚುಕ್ಕಿ ಹೇಳಿದಳು: ಇಲ್ಲ. ಕೇಳಿಸುತ್ತಿದ್ದದ್ದು ಕತ್ತೆಗೆ. ನೀನು ಕೊಂದೆ."

"ಕಡಿ ಅವನನ್ನ!" ಎಂದಳು ಶಾಂತಜ್ಜಿ. "ಮೊದಲು ಅವನ ಕಿವಿ ಕೊಯ್ಯಿ!"

"ಹೌದು, ಕಡಿ!" ಎಂದಳು ನವೋಮಿಯೂ. ಅವಳ ಕಣ್ಣು ತುಂಬಿತ್ತು. "ನನ್ನ ಕತ್ತೆ ಅದು."

ಚುಕ್ಕಿ ಕತ್ತಿ ಎತ್ತಿದಳು. ತಬಿತಾಳ ಬಾಯಲ್ಲಿ ಆ ಕತ್ತಿ ಎತ್ತಿದಲ್ಲೇ ನಿಂತಿತು. ಒಂದು ಮಾತು ಸಾಕಿತ್ತು. ಕಥೆ ಮುಗಿಯುತ್ತಿತ್ತು, ಗಂಟೆಯ ಹಗ್ಗ ಕೈಗೆ ಬರುತ್ತಿತ್ತು.

ಅವಳು ನವೋಮಿಯ ಕಡೆ ತಿರುಗಿದಳು.

"ನವೋಮಿ, ಕತ್ತೆ ಈಗ ಇದ್ದು ಇವನನ್ನು ನೋಡಿದ್ದರೆ ಏನೆನ್ನುತ್ತಿತ್ತು?"

"ನನ್ನನ್ನು ಕೇಳಬೇಡ. ಮುಗಿಸುವವಳು ನೀನು."

"ನನಗೆ ಗೊತ್ತಿಲ್ಲ. ನಿನಗೆ ಗೊತ್ತು. ಹೇಳು."

ನವೋಮಿ ಮೂಗು ಒರೆಸಿಕೊಂಡಳು. ಕತ್ತಲರಸನನ್ನು ಎದುರಿಗೇ ಕಂಡವಳ ಹಾಗೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕತ್ತೆಯ ದನಿ ಬಂತು.

"ಮತ್ತೆ ಶುರುವಾಯಿತು ನೋಡು! ಅಯ್ಯಾ ದೊರೆ, ತಲೆಕೆಳಗಾಗಿ ಹಿಡಿದಿದ್ದೀಯಲ್ಲೋ. ತಿರುಗಿಸಿ ಹಿಡಿ."

ಶಾಂತಜ್ಜಿ ಅಳುತ್ತಿದ್ದವಳು ನಕ್ಕಳು. ನಗುತ್ತಾ ಮತ್ತೆ ಅತ್ತಳು.

ತಬಿತಾಳೂ ನಕ್ಕಳು. "ಚುಕ್ಕಿ ಕತ್ತಿ ಕೆಳಗಿಟ್ಟಳು," ಎಂದಳು. "ಕತ್ತಲರಸ ಕಿವಿಗಳನ್ನು ತಿರುಗಿಸಿ ಹಿಡಿದ."

"ಆಮೇಲೆ?"

"ಆಮೇಲೆ ನನಗೆ ಗೊತ್ತಿಲ್ಲ ಅಜ್ಜಿ. ಕೂತಿದ್ದಾನೆ."

ಅವಳು ಅಯ್ಯನವರನ್ನು ನೋಡಿದಳು. "ನನ್ನಿಂದ ಮುಗಿಸಲಾಗಲಿಲ್ಲ ಅಯ್ಯನವರೇ. ಗಂಟೆಯನ್ನು ನವೋಮಿ ಹೊಡೆಯಲಿ."

"ನನ್ನ ಕೈಯೆಲ್ಲ ಅಂಟು," ಎಂದಳು ನವೋಮಿ.

ಹೊರಗೆ ಹೊಳೆ ಕಪ್ಪಾಗುತ್ತಿತ್ತು. ಗಂಟೆಯ ಹಗ್ಗ ಗಾಳಿಗೆ ತುಸುವೇ ಅಲ್ಲಾಡುತ್ತಿತ್ತು.

ಅಯ್ಯನವರು ಹೇಳಿದರು, "ಏಳು ತಬಿತಾ, ಹೋಗಿ ಗಂಟೆ ಹೊಡಿ. ಪಾಪ, ಅವನು ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾನೆ."